ತಗೊಂಡೆ

ಮಾರ್ಚ್ ೧೧, ಮಂಗಳವಾರ

ಮಧ್ಯಾಹ್ನದಿಂದ ಒಂದೇ ಒಂದು ಪದ ತಲೆ ತಿನ್ನುತ್ತಿದೆ: ತಗೊಂಡೆ.

ಬೆನ್ನುನೋವಿಗೆಂದೇ ಮಾಡಿದ ಕುರ್ಚಿಯ ಬಗ್ಗೆ ನನ್ನ ಚಾನೆಲ್ಲಿನಲ್ಲಿ ಹಾಕಿದ ವಿಡಿಯೊದಲ್ಲಿ ನಾನು ಹೇಳಿದ್ದು ಅದನ್ನೇ. "ನಾನೂ ಒಂದು ತಗೊಂಡೆ, ನೋಡಿ." ಕಂಪನಿಯವರು ಪುಕ್ಕಟೆ ಕಳಿಸಿದ್ದನ್ನು ಎರಡೂ ಕೈಯಲ್ಲಿ ತಗೊಂಡಿದ್ದು ನಿಜವೇ ತಾನೇ? ಸುಳ್ಳಾಡದೆ ಪಾರಾದೆ ಎಂದು ಅವತ್ತು ಒಳಗೊಳಗೇ ಬೀಗಿದ್ದೆ. ವಿಡಿಯೊದ ಮೇಲೆ 'ಜಾಹೀರಾತು' ಎಂದು ಬರೆದರೆ ಯಾರು ನೋಡುತ್ತಾರೆ ಎಂದುಕೊಂಡು ಆ ಪದವನ್ನು ಹಾಕಲೇ ಇಲ್ಲ.

ಇವತ್ತು ಅಕ್ಕನ ಹೊಲಿಗೆ ಅಂಗಡಿಗೆ ಹೋದರೆ ಮೂಲೆಯಲ್ಲಿ ಅದೇ ಕುರ್ಚಿ, ಅದರ ಮೇಲೆ ಬಟ್ಟೆಯ ಗಂಟು. ಅಕ್ಕ ಮೆಷಿನ್ನಿನ ಮುಂದೆ ಹಳೇ ಸ್ಟೂಲಿನ ಮೇಲೆ ಕೂತಿದ್ದಳು.

"ಅದ್ರಲ್ಲಿ ಕೂತ್ರೆ ನೋವು ಜಾಸ್ತಿನೇ ಆಗುತ್ತೆ ಕಣೆ. ನನ್ನ ಬೆನ್ನೇ ಸರಿ ಇಲ್ವೇನೋ. ನೀನು ತಗೊಂಡೆ ಅಂದ್ಯಲ್ಲ, ಅದಕ್ಕೇ ನಾನೂ ತಗೊಂಡೆ."

ಕುರ್ಚಿಯನ್ನಲ್ಲ, ತನ್ನ ಬೆನ್ನನ್ನು ಬೈದುಕೊಂಡಳು. ನನ್ನನ್ನು ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ನನಗದು ಬಿಟ್ಟಿ ಬಂದದ್ದು ಎಂದು ಹೇಳಲು ಬಾಯಿ ತೆರೆದವಳು, "ಇನ್ನೂ ನಾಲ್ಕು ದಿನ ಕೂತು ನೋಡು, ಅಭ್ಯಾಸ ಆಗುತ್ತೆ" ಎಂದುಬಿಟ್ಟೆ.

ಅಕ್ಕ ಹೂಂ ಎಂದು ತಲೆಯಾಡಿಸಿ, ಗಂಟು ಇಳಿಸಿ, ಆ ಕುರ್ಚಿಯನ್ನೇ ಮೆಷಿನ್ನಿನ ಮುಂದೆ ಎಳೆದುಕೊಂಡಳು.