ಇವತ್ತು ಕೆಂಚಿ ನನ್ನ ಕೈಯಲ್ಲಿ ತಿನ್ನಲಿ

ಮೋನಿಷಾ,

ಬೂಸಾ ತರಲು ಯಲಹಂಕಕ್ಕೆ ಹೋಗುತ್ತಿದ್ದೇನೆ. ಉಪ್ಪಿಟ್ಟು ಬಾಣಲೆಯಲ್ಲೇ ಇದೆ, ಬಿಸಿ ಮಾಡಿಕೊಂಡು ತಿನ್ನು. ಚಂದ್ರಿಗೂ ಅವಳ ಮರಿ ಕೆಂಚಿಗೂ ಹುಲ್ಲು, ನೀರು ಇಟ್ಟಾಗಿದೆ. ನಾನು ಬರುವವರೆಗೆ ಲಾಯದ ಕಡೆ ಸುಳಿಯಬೇಡ.

ಸಂಜೆ ಕೆಂಪಾಪುರದವರು ಮಗಳನ್ನು ಕರೆದುಕೊಂಡು ಕೆಂಚಿಯನ್ನು ನೋಡಲು ಬರುತ್ತಾರೆ. ಮಗುವಿನ ಜೊತೆಯಲ್ಲೇ ಬೆಳೆಯುವಂಥ ಸಾಧು ಕುದುರೆ ಬೇಕಂತೆ. ಹುಟ್ಟಿದಾಗಿನಿಂದ ಮರಿಯ ಮೈಮೇಲೆ ಎಲ್ಲರ ಕೈಯೂ ಆಡಬೇಕು, ಆಗಲೇ ಅದು ಸಾಧುವಾಗುವುದು ಎಂದು ನಾನು ಬಡಕೊಂಡೆ. ನೀನು, “ಅಮ್ಮಾ, ನಿನ್ನ ಕಂಡ್ರೆ ಎದ್ರುಕೊಳ್ಳತ್ತೆ, ಆಚೆ ಹೋಗು” ಎಂದು ನನ್ನನ್ನೇ ಓಡಿಸಿದೆ. ಈಗ ಅದು ನಿನ್ನೊಬ್ಬಳನ್ನು ಬಿಟ್ಟು ಯಾರನ್ನೂ ಹತ್ತಿರ ಸೇರಿಸುವುದಿಲ್ಲ.

ಬೆಳಗ್ಗೆ ನಿನ್ನ ಹಳೇ ಚೌಕಳಿ ಶರ್ಟು ಹಾಕಿಕೊಂಡು ಹೋದೆ. ವಾಸನೆ ಹಿಡಿದು ಓಡಿ ಬಂತು, ತೋಳಿಗೆ ಮೂತಿ ಉಜ್ಜಿತು. ನನ್ನ ಮುಖ ನೋಡಿದ್ದೇ ತಡ, ಕೊಟ್ಟ ಕ್ಯಾರೆಟ್ಟನ್ನು ಅಲ್ಲೇ ಉಗುಳಿ ಚಂದ್ರಿಯ ಮರೆಗೆ ಹೋಗಿ ನಿಂತಿತು. ಹೊಟ್ಟೆ ಉರಿದುಹೋಯಿತು ಕಣೇ. ಚಂದ್ರಿಯ ಹೆರಿಗೆಗೆ ಕಾದು ಕೂತವಳು ನಾನು. ಇದರ ಮೈ ಒರೆಸಿ ನಿಲ್ಲಿಸಿದವಳೂ ನಾನೇ.

ಉರಿ ನನ್ನದು, ಇರಲಿ. ಹಾಲು ಬಿಟ್ಟ ಮೇಲೆ ಅವರ ತೋಟಕ್ಕೆ ಹೋಗಿ, ನೀನಿಲ್ಲವೆಂದು ಅದು ಉಪವಾಸ ಬೀಳಬಾರದು. ಇವತ್ತೊಂದು ದಿನ ನಿನ್ನ ಮನಸ್ಸು ಗಟ್ಟಿ ಮಾಡಿಕೋ.

ಬಂದವಳೇ ನನ್ನ ಸೀರೆಯಲ್ಲೇ ಹೋಗಿ ಅದರ ಪಕ್ಕ ಕೂರುತ್ತೇನೆ. ಅಡುಗೆಮನೆ ಕಿಟಕಿಯಿಂದ ನೋಡುತ್ತಿರು. ಅದು ನನ್ನ ಕೈಯಲ್ಲಿ ತಿಂದರೆ, ನಿನಗೂ ಸ್ವಲ್ಪ ಉರಿಯಲಿ.

ಅಮ್ಮ