ಬಾಳೆಗೊನೆಯ ಪಕ್ಕದ ಗುಲಾಬಿ

ಜೂನ್ 14, ಶನಿವಾರ, ನೈವಾಷಾ

ಮಗಳು ನ್ಯಾಂಬುರಾಳಿಗೆ ವಧುದಕ್ಷಿಣೆ ಕೊಡುವ ತೆರದ ಶಾಸ್ತ್ರಕ್ಕೆ ಗಂಡಿನವರು ಬಂದದ್ದು ನಾಲ್ಕು ದಿನ ತಡವಾಗಿ, ಇವತ್ತು. ತಂದಿಟ್ಟ ಗುಲಾಬಿ ಉಳಿದೀತೇ ಎಂಬುದೇ ವಾರವಿಡೀ ಚಿಂತೆ. ದಿನವೂ ನೀರು ಬದಲಿಸಿದೆ, ದಂಟು ಓರೆಯಾಗಿ ಕತ್ತರಿಸಿದೆ. ಆದರೂ ಗುರುವಾರ ದಳ ಉದುರತೊಡಗಿತು.

ನಾದಿನಿ ಗಥೋನಿ ನಕ್ಕಳು: "ಇಪ್ಪತ್ತು ವರ್ಷ ಹೂ ಮಾರಿದೀಯ ಅತ್ತಿಗೆ, ನಿನ್ನ ಮನೇಲೇ ನಿಲ್ತಿಲ್ವಲ್ಲ!"

ಆಗ ಕಂಡಿತು, ಗುಲಾಬಿಯ ಬಕೆಟ್ಟಿನ ಪಕ್ಕದಲ್ಲೇ ಅವಳು ನೆಂಟರಿಗೆಂದು ಕಂಬಳಿ ಹೊದಿಸಿ ಹಣ್ಣಿಗಿಟ್ಟ ಬಾಳೆಗೊನೆ. ಹಣ್ಣಾಗುವ ಬಾಳೆಯ ಗಾಳಿ ತಾಗಿದರೆ ಹೂವಿಗೆ ಬೇಗ ಮುಪ್ಪು.

"ನಿನ್ನ ಗೊನೆ ನಿನ್ನ ಮಂಚದ ಕೆಳಗಿಟ್ಕೋ, ತಾಯಿ!" ಎಂದೆ.

ಉಳಿದ ಗುಲಾಬಿ ಇವತ್ತು ನಗುತ್ತಿತ್ತು. "ಬೆಳಿಗ್ಗೆ ಕಿತ್ತಿದ್ದಾ?" ಎಂದರು ಬೀಗಿತ್ತಿ. ಆರು ದಿನದ್ದೆಂದರೆ ನಂಬಲೇ ಇಲ್ಲ. ಸಂತೆಯಲ್ಲಿ ಹಳೆಯ ಹೂವನ್ನು ಇವತ್ತಿನದೆಂದು ಎಷ್ಟು ಸಲ ನಂಬಿಸಿಲ್ಲ! ನಿಜ ಹೇಳಿ ಸುಳ್ಳುಗಾತಿ ಎನಿಸಿಕೊಂಡದ್ದು ಇದೇ ಮೊದಲು. ಎಂಥ ಸಂತೋಷ! ಶಾಸ್ತ್ರ ಮುಗಿದರೂ ಒಳಗೆ ನ್ಯಾಂಬುರಾ ಇನ್ನೂ ಹಾಡುತ್ತಲೇ ಇದ್ದಾಳೆ.