ನಾಲ್ಕು ದಿಕ್ಕಿನ ವಂದನೆ

ಮಾರ್ಚ್ ೧೪, ಶನಿವಾರ

ದೊಡ್ಡಪ್ಪನ ಸೊಂಟ ಹಿಡಿದುಕೊಂಡಿದೆ. ಕಾರಣಕರ್ತರು, ಶ್ರೀಮಾನ್ ನಾನು.

ಮೈ ಬಿಗಿದು ಗಾಲ್ಫ್ ಕೋಲು ಬೀಸಲಾಗುತ್ತಿಲ್ಲ, ನಿನ್ನ ಗಾಲ್ಫ್ ಕೋಚ್ ಮಾಡಿಸುವ ಸ್ಟ್ರೆಚಿಂಗ್ ನನಗೂ ಕಲಿಸು ಎಂದು ಹೋದ ತಿಂಗಳು ಕೇಳಿದ್ದರು. ಕೋಚ್ ಹೇಳುವುದು ಇಷ್ಟೇ: ಕೋಲನ್ನು ಹೆಗಲ ಮೇಲಿಟ್ಟು ನಿಧಾನವಾಗಿ ತಿರುಗು, ಜಗ್ಗಬೇಡ. ಅದರಲ್ಲಿ ನಗಲು ಏನಿದೆ? ಹಾಗಾಗಿ ನಾನು ಪರಮ ಗಂಭೀರ ಮುಖದಿಂದ 'ಚತುರ್ದಿಕ್ ವಂದನೆ' ಎಂಬ ಮಹಾವಿದ್ಯೆಯನ್ನು ನಿಂತ ನಿಲುವಿನಲ್ಲೇ ಸೃಷ್ಟಿಸಿ ಉಪದೇಶಿಸಿದೆ. ಒಂಟಿ ಕಾಲಲ್ಲಿ ನಿಂತು ನಾಲ್ಕೂ ದಿಕ್ಕಿಗೆ ಗಕ್ಕನೆ ತಿರುಗಿ ಬಾಗಬೇಕು. ಅವರು ದಿನವೂ ವರಾಂಡದಲ್ಲಿ ಶ್ರದ್ಧೆಯಿಂದ ಮಾಡಿದರು. ನಾನು ಕಿಟಕಿಯ ಹಿಂದೆ ಬಾಯಿ ಮುಚ್ಚಿಕೊಂಡು ನಕ್ಕೆ.

ಇಂದು ಬೆಳಿಗ್ಗೆ ಮೂರನೆಯ ದಿಕ್ಕಿನಲ್ಲಿ ಕುಸಿದರು. ನಾಳೆ ಹಿರಿಯರ ಪಂದ್ಯ. ಒಂಬತ್ತು ವರ್ಷ ಕಾದ ಮೇಲೆ ಮೊದಲ ಸಲ ತಂಡದಲ್ಲಿ ಅವರ ಹೆಸರಿತ್ತು. ಇಸ್ತ್ರಿ ಮಾಡಿದ ಅಂಗಿ ಇನ್ನೂ ಕುರ್ಚಿಯ ಮೇಲಿದೆ.

ಸಂಜೆ ಮಂಚದ ಬಳಿ ನಿಂತು ಒಪ್ಪಿಕೊಂಡೆ. "ಅದು ಕೋಚ್ ಹೇಳಿದ್ದಲ್ಲ ದೊಡ್ಡಪ್ಪ. ನಾನೇ ತಮಾಷೆಗೆ ಕಟ್ಟಿದ್ದು."

"ಸುಮ್ನಿರೋ ಕೋತಿ. ನಂಗೆ ಬೇಜಾರಾಗ್ಬಾರ್ದು ಅಂತ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೋತಿದೀಯ."

"ನಿಜವಾಗ್ಲೂ ದೊಡ್ಡಪ್ಪ."

"ನಿನ್ನ ನಿಜ ನಂಗೊತ್ತಿಲ್ವಾ? ನನ್ನ ಕಾಲೇ ನಡುಗ್ತಿತ್ತು. ವಾಸಿಯಾದ್ಮೇಲೆ ಮೊದಲಿಂದ ಹೇಳ್ಕೊಡು, ಈ ಸಲ ಸರಿಯಾಗಿ ಮಾಡ್ತೀನಿ."

ಗೋಡೆಯಾಚೆ ಅವರು ಮಗ್ಗುಲು ಬದಲಿಸಲು ಒದ್ದಾಡುವುದು ಕೇಳಿಸುತ್ತಿದೆ. ಸುಳ್ಳು ಹೇಳಲು ಇಟ್ಟುಕೊಂಡ ಮುಖವನ್ನೇ ನಿಜ ಹೇಳುವಾಗಲೂ ಇಟ್ಟುಕೊಂಡಿದ್ದೆನೇನೋ. ನನ್ನ ಬಳಿ ಬೇರೆ ಮುಖವೇ ಇಲ್ಲ.